ಮಡಚುವ ಸೈಕಲ್ಲಿನ ಹಲ್ಲು

ಲೆಕ್ಕದಲ್ಲಿ ಗಟ್ಟಿಗ ಎಂಬ ಹೆಸರು ಒಂದು ಸಲ ಅಂಟಿಕೊಂಡರೆ ಅದನ್ನು ಉಳಿಸಿಕೊಳ್ಳುವ ಕಷ್ಟ ಅಷ್ಟಿಷ್ಟಲ್ಲ. ಹಾಡುಗಾರನಿಗೆ ಗಂಟಲು ಕೆಟ್ಟಿದೆ ಎನ್ನುವ ನೆಪವಾದರೂ ಇದೆ. ಲೆಕ್ಕದವನು ಏನು ಕೆಟ್ಟಿದೆಯೆಂದು ಹೇಳಬೇಕು? ಅಮ್ಮತ್ತಿ ಹತ್ತಿರದ ಎಸ್ಟೇಟೊಂದರಲ್ಲಿ ಬಹಳ ವರ್ಷದಿಂದ ರೈಟರ್ ಆಗಿದ್ದೇನೆ. ಇಂದು ಎಷ್ಟು ಆಳು ಬಂದರು, ಎಷ್ಟು ಗಿಡ ನೆಟ್ಟರು ಎಂದು ಬರೆದಿಡುವುದು ನನ್ನ ಕೆಲಸ. 'ರೈಟರ ಲೆಕ್ಕ ತಪ್ಪಲ್ಲ' ಎಂಬ ಮಾತು ಆಳುಗಳ ಲೈನುಮನೆಗಳಿಂದ ಹಿಡಿದು ಪೇಟೆಯ ಚಹಾದಂಗಡಿಯವರೆಗೂ ಹಬ್ಬಿದೆ. ಹಬ್ಬಿಸಿದವನು ನಾನೇ ಎಂಬುದು ಬೇರೆ ವಿಷಯ.

ಹೊಟ್ಟೆ ಮುಂದೆ ಬಂತೆಂದು ಈಚೆಗೆ ಮಡಚುವ ಸೈಕಲ್ಲೊಂದನ್ನು ಕೊಂಡೆ. ಇಪ್ಪತ್ತಿಂಚಿನ ಚಕ್ರ, ಮಡಚಿದರೆ ಆಫೀಸಿನ ಮೇಜಿನ ಪಕ್ಕಕ್ಕೆ ಸುಮ್ಮನೆ ನಿಲ್ಲುತ್ತದೆ. ಅದನ್ನು ನೋಡಿ ಸ್ನೇಹಿತರಾದ ಮೊಣ್ಣಪ್ಪನವರೂ ಒಂದು ತರಿಸಿಕೊಂಡರು. ಈ ಸುತ್ತಿನ ಕಾಗದಗಳನ್ನೆಲ್ಲ ಮೂವತ್ತು ವರ್ಷ ಸೈಕಲ್ ಮೇಲೆ ಹಂಚಿ ನಿವೃತ್ತರಾದ ಪೋಸ್ಟ್‌ಮ್ಯಾನ್ ಅವರು. ಅವರದು ಹದಿನಾರಿಂಚಿನ ಚಕ್ರ. ಹತ್ತಿ ಕೂತರೆ ಮೊಣ್ಣಪ್ಪನವರು ಮಾತ್ರ ಕಾಣುತ್ತಾರೆ. ಆಗಿನಿಂದ ಚಹಾದಂಗಡಿಯಲ್ಲಿ ನಮಗೆ ಒಂದೇ ಚರ್ಚೆ: ಏರಿನಲ್ಲಿ ಯಾರ ಗೇರು ಹಗುರ? ಮುಂದಿನ ಹಲ್ಲುಚಕ್ರದ ಹಲ್ಲನ್ನು ಹಿಂದಿನದರ ಹಲ್ಲಿನಿಂದ ಭಾಗಿಸಬೇಕು, ಉತ್ತರ ಸಣ್ಣದಾದಷ್ಟೂ ತುಳಿಯುವುದು ಸಲೀಸು ಎಂದು ಎಲ್ಲೋ ಓದಿದ್ದೆ. ಏರಿನ ಗೇರಿನಲ್ಲಿ ನನ್ನದು ನಲವತ್ತೆಂಟಕ್ಕೆ ಮೂವತ್ತು, ಅಂದರೆ ಒಂದು ಪಾಯಿಂಟ್ ಆರು. ಅವರದು ನಲವತ್ತೈದಕ್ಕೆ ಇಪ್ಪತ್ತೈದು, ಒಂದು ಪಾಯಿಂಟ್ ಎಂಟು. ನನ್ನದೇ ಹಗುರ ಎಂದು ಅಂಗಡಿಯ ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದೆ. ಮೊಣ್ಣಪ್ಪನವರು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು, ಭಾನುವಾರ ನಮ್ಮ ಕಾಫಿ ಕಣದಿಂದ ಬಂಗಲೆಯವರೆಗಿನ ಏರನ್ನು ಇಬ್ಬರೂ ಹತ್ತುವುದು, ಮೊದಲು ಕಾಲು ಊರಿದವನು ಸೋತಂತೆ ಎಂದು ತೀರ್ಮಾನವಾಯಿತು. ಸೋತರೆ ಹೋಗುವುದು ನನ್ನ ಹೆಸರು.

ಶನಿವಾರ ಮೊಣ್ಣಪ್ಪನವರು ಏರು ನೋಡಲೆಂದು ಬಂದು, ಸೈಕಲ್ಲನ್ನು ಆಫೀಸಿನಲ್ಲೇ ಬಿಟ್ಟುಹೋದರು. ತೋಟದಲ್ಲಿ ಹೊಸ ಗಿಡಕ್ಕೆ ಗುಂಡಿ ಗುರುತು ಮಾಡುವ ಕೆಲಸ ಆಗಷ್ಟೇ ಮುಗಿದಿತ್ತು. ಹತ್ತತ್ತು ಅಡಿಗೆ ಗಂಟು ಹಾಕಿದ ಹಗ್ಗ ಹಿಡಿಯುವ ಚಿನ್ನಮ್ಮ ಅದನ್ನು ಒಪ್ಪಿಸಲು ಬಂದಳು. ಕೇಳುವವರು ಸಿಕ್ಕರೆ ಬಿಡುವವನಲ್ಲ ನಾನು; ಲೆಕ್ಕವನ್ನೆಲ್ಲ ಅವಳಿಗೆ ವಿವರಿಸಿದೆ. ಅವಳು ಎರಡೂ ಸೈಕಲ್ಲುಗಳನ್ನು ನೋಡಿ ಕೇಳಿದಳು:

"ಹಲ್ಲು ಎಣ್ಸಿದ್ರಿ, ಸರಿ ರೈಟ್ರೇ. ಚಕ್ರ ಅಳೆದ್ರಾ? ಅವರ್ದು ಸಣ್ಣದಲ್ವಾ?"

ಎರಡೂ ಸೈಕಲ್ಲುಗಳನ್ನು ಹೊರಗೆ ತಳ್ಳಿದೆ. ಕಣದಲ್ಲಿ ಹಗ್ಗ ಎಳೆದೆವು. ಒಂದೊಂದು ಸೈಕಲ್ಲಿನ ಪೆಡಲನ್ನೂ ಒಂದು ಪೂರ್ತಿ ಸುತ್ತು ತಿರುಗಿಸಿ, ಮುಂದಕ್ಕೆ ಹೋದ ದೂರವನ್ನು ಹಗ್ಗದಲ್ಲಿ ಹಿಡಿದು, ಆಫೀಸಿನ ಅಡಿಕೋಲಿನಿಂದ ಅಳೆದೆವು. ನನ್ನದು ಎಂಟು ಅಡಿ ನಾಲ್ಕು ಇಂಚು. ಅವರದು ಏಳೂವರೆ ಅಡಿ. ಒಂದು ಸುತ್ತಿಗೆ ಕಡಿಮೆ ದೂರ ಹೋಗುವುದೇ ಏರಿನಲ್ಲಿ ಹಗುರ, ಅಂದರೆ ಮೊಣ್ಣಪ್ಪನವರದೇ ಹಗುರ ಎಂದು ಯಾರಾದರೂ ಹೇಳಿಯಾರು. ಯಾರಿಗೂ ಹೇಳಬೇಡ ಎಂದು ಚಿನ್ನಮ್ಮನನ್ನು ಕೇಳಿಕೊಂಡೆ. ಅವಳು ನಕ್ಕು ಹಗ್ಗ ಸುತ್ತಿದಳು.

ರಾತ್ರಿಯೆಲ್ಲ ಯೋಚಿಸಿ, ಭಾನುವಾರ ಚಹಾದಂಗಡಿಯ ಮಂದಿಯೆಲ್ಲ ಬಂದು ನಿಂತಾಗ ಧಾರಾಳಿಯಾದೆ. ನನ್ನದು ಹಗುರದ ಗೇರು, ನೀವು ಹಿರಿಯರು, ಇವತ್ತು ನೀವೇ ನನ್ನ ಸೈಕಲ್ ತಗೊಳ್ಳಿ, ಭಾರದ್ದನ್ನು ನಾನು ತುಳಿಯುತ್ತೇನೆ ಎಂದೆ. ಭಾರದ ಗೇರಿನಲ್ಲೂ ಗೆದ್ದ ಎಂಬ ಹೆಸರು ಮೇಲಿಂದ ಬರಲಿ ಎಂಬುದು ಒಳಗಿನ ಆಸೆ. ಮೊಣ್ಣಪ್ಪನವರ ಕಣ್ಣು ಒದ್ದೆಯಾಯಿತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಅವರ ಸೈಕಲ್ ಹತ್ತಿದೆ.

ಅರ್ಧ ಏರಿಗೆ ಬರುವಷ್ಟರಲ್ಲಿ ನನ್ನ ಉಸಿರು ಸಿಗದಾಯಿತು, ಮಂಡಿ ಮುಷ್ಕರ ಹೂಡಿತು. ಕಾಲು ಊರಿದೆ. ಮೊಣ್ಣಪ್ಪನವರು ಕಾಗದ ಕೊಡಲು ಹೊರಟವರಂತೆ ಅತ್ತಿತ್ತ ನೋಡುತ್ತ ಬಂಗಲೆ ಮುಟ್ಟಿ, ಇಳಿದು ಬಂದು ಎಲ್ಲರ ಮುಂದೆ ನನ್ನ ಕೈಹಿಡಿದರು.

"ನಿಮ್ಮ ಲೆಕ್ಕವೇ ಸರಿ ಮಾರಾಯ್ರೇ. ನಿಮ್ಮ ಸೈಕಲ್ ಎಂಥ ಹಗುರ! ನಾನು ಸುಮ್ನೆ ವಾದ ಮಾಡಿದ್ದು."

ಸೇರಿದವರೆಲ್ಲ ತಲೆಯಾಡಿಸಿದರು. ಹಿಂದೆ ನಿಂತಿದ್ದ ಚಿನ್ನಮ್ಮ ನನ್ನ ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಂತೆ, "ಹಗ್ಗ ತರ್ಲಾ ರೈಟ್ರೇ?" ಎಂದಳು.

ಬೇಡ ಎಂದೆ. ರೈಟರ ಲೆಕ್ಕ ತಪ್ಪಲ್ಲ ಎಂಬ ಮಾತು ಅಮ್ಮತ್ತಿಯಲ್ಲಿ ಈಗ ಮೊದಲಿಗಿಂತ ಗಟ್ಟಿಯಾಗಿದೆ. ಅದನ್ನು ಉಳಿಸಿಕೊಳ್ಳಲು ನಾನು ಮಾಡಿದ್ದು ಇಷ್ಟೇ: ಅರ್ಧ ಏರಿನಲ್ಲಿ ಕಾಲು ಊರಿದ್ದು.