ಪೂರ್ತಿ ತೆಗೀರಿ

ಸಾಂಕ್ರಾಮಿಕ ರೋಗ ಊರಿನ ಅಂಗಡಿಗಳಿಗೆಲ್ಲ ಬೀಗ ಹಾಕಿಸಿತು. ಕೂದಲಿಗೆ ಮಾತ್ರ ಯಾರೂ ಬೀಗ ಹಾಕಲಿಲ್ಲ. ಅದು ಬೆಳೆಯುತ್ತಲೇ ಹೋಯಿತು. ಸಲೂನಿನ ಸ್ಟೈಲಣ್ಣ ಕಿಟಕಿಯಲ್ಲಿ ನಿಂತು, ಬೀದಿಯ ಪೊದೆಯಂಥ ತಲೆಗಳನ್ನು ಹಾಲಿನ ಪಾತ್ರೆ ನೋಡುವ ಬೆಕ್ಕಿನಂತೆ ನೋಡುತ್ತಿದ್ದ.

ಬಾಮೈದ ಒಂದು ಉಪಾಯ ತಂದ. "ಭಾವ, ಪಾಠ ಆನ್‌ಲೈನು, ಡಾಕ್ಟ್ರು ಆನ್‌ಲೈನು. ಕಟಿಂಗ್ ಯಾಕಾಗ್ಬಾರ್ದು? ನೀವು ಫೋನಲ್ಲಿ ಹೇಳಿ, ಮನೆಯವರು ಕತ್ತರಿಸ್ಲಿ."

ಆ್ಯಪ್ ಕಂಪನಿಯೊಂದು ಒಪ್ಪಿತು. ಷರತ್ತು ಇಷ್ಟೇ: ಮೊದಲ ದಿನವೇ ಗಿರಾಕಿಗಳು ನಾಲ್ಕು ಸ್ಟಾರ್ ಕೊಡಬೇಕು, ಇಲ್ಲವಾದರೆ ಖಾತೆ ಬಂದ್. ಸ್ಟೈಲಣ್ಣನಿಗೆ ಬೇರೆ ಸಂಪಾದನೆಯಿರಲಿಲ್ಲ.

ಆತುರಗಾರ ಬಾಮೈದ ಮೂರು ಮನೆಗಳನ್ನು ಒಂದೇ ಕರೆಯಲ್ಲಿ ಸೇರಿಸಿಬಿಟ್ಟ. ಒಂದು ಚೌಕದಲ್ಲಿ ಬ್ಯಾಂಕ್ ಮ್ಯಾನೇಜರು, ಬೆನ್ನ ಹಿಂದೆ ಕತ್ತರಿ ಹಿಡಿದ ಹೆಂಡತಿ. ಇನ್ನೊಂದರಲ್ಲಿ ಮರುದಿನ ಆನ್‌ಲೈನಿನಲ್ಲೇ ಮದುವೆಯಾಗಲಿದ್ದ ಹುಡುಗ, ಟ್ರಿಮ್ಮರ್ ಹಿಡಿದ ಅಕ್ಕ. ಮೂರನೆಯದರಲ್ಲಿ ಟೋಪಿ ಹಾಕಿದ ಮೇಷ್ಟ್ರು, ಪಕ್ಕದಲ್ಲಿ ಮೇಷ್ಟ್ರಮ್ಮ.

"ಮ್ಯಾನೇಜರಮ್ಮಾ, ಎಡಗಿವಿ ಮೇಲೆ ಚೂರು."

ಕಚಕ್.

"ಅಯ್ಯೋ, ಫೋನಲ್ಲಿ ಕಾಣೋ ಎಡ ಅಲ್ಲ, ಅವರ ಎಡ!"

ಆ ಕಡೆಗೆ ಸರಿದೂಗಲೆಂದು ಈ ಕಡೆ, ಈ ಕಡೆಗೆ ಸರಿದೂಗಲೆಂದು ಆ ಕಡೆ. ಮ್ಯಾನೇಜರ ಕೂದಲು ಸೋತ ಸೈನ್ಯದಂತೆ ಎರಡೂ ಬದಿಯಿಂದ ನೆತ್ತಿಗೆ ಹಿಮ್ಮೆಟ್ಟಿತು.

ಅಷ್ಟರಲ್ಲಿ ಮೇಷ್ಟ್ರಮ್ಮ ಕೈ ಆಡಿಸಿ ಏನೋ ಹೇಳತೊಡಗಿದರು. ಬಾಯಿ ಆಡುತ್ತಿದೆ, ದನಿಯಿಲ್ಲ. ಫೋನು ಮ್ಯೂಟಿನಲ್ಲಿತ್ತು.

"ತೆಗೀರಮ್ಮಾ!" ಸ್ಟೈಲಣ್ಣ ಕೂಗಿದ. "ತೆಗೀರಿ! ಪೂರ್ತಿ ತೆಗೀರಿ!"

ಏನನ್ನು ಎಂದು ಹೇಳಲು ಮರೆತಿದ್ದ.

"ಪೂರ್ತಿನಾ?" ಮದುಮಗನ ಅಕ್ಕ ಬೆಚ್ಚಿದಳು.

"ನಮ್ಮನೇಲೂನಾ?" ಎಂದರು ಮ್ಯಾನೇಜರಮ್ಮ.

"ಎಲ್ರೂ ತೆಗೀರಿ! ಹೆದರ್ಬೇಡಿ, ಏನಾದ್ರೂ ಆದ್ರೆ ನಾನಿದೀನಿ!"

ಮೇಷ್ಟ್ರಮ್ಮನ ದನಿ ಬರಿಸಲು ಬಾಮೈದನೂ ಅವನೂ ಫೋನಿನ ಮೇಲೆ ಬಗ್ಗಿ ಅರ್ಧ ಗಂಟೆ ಒದ್ದಾಡಿದರು. ಅಂತೂ ದನಿ ಬಂತು.

"ಆಗಿಂದ ಬಡ್ಕೋತಿದೀನಿ! ಇವ್ರಿಗೆ ಕೂದ್ಲೇ ಇಲ್ಲ. ಎಲ್ರೂ ಬುಕ್ ಮಾಡಿದ್ರು ಅಂತ ಇವ್ರೂ ಮಾಡಿದಾರೆ. ಏನು ಕತ್ತರಿಸ್ಲಿ?"

ಸ್ಟೈಲಣ್ಣ ತಲೆಯೆತ್ತಿದ. ಪರದೆಯಲ್ಲಿ ಮೂರು ಬೋಡುತಲೆಗಳು ತಿಕ್ಕಿಟ್ಟ ತಪ್ಪಲೆಗಳಂತೆ ಫಳಫಳ ಹೊಳೆಯುತ್ತಿದ್ದವು. ಟೋಪಿಯನ್ನಷ್ಟೇ ತೆಗೆದಿದ್ದ ಮೇಷ್ಟ್ರೊಬ್ಬರೇ ನಗುತ್ತಿದ್ದರು.

"ಅಕ್ಕಾ, ಮದುವೆ ನಾಳೆ ಕಣೇ!" ಎಂದು ಹುಡುಗ ಗೋಳಿಟ್ಟ. ಮ್ಯಾನೇಜರು ಕರೆಯನ್ನೇ ಕಡಿದರು. ಇದು ಇನ್ನೂ ಭಯಂಕರವಾಗಿತ್ತು.

ಮುಗಿಯಿತು ಕತೆ ಎಂದು ಸ್ಟೈಲಣ್ಣ ಕುಸಿದು ಕೂತ. ಸಂಜೆ ಕಂಪನಿಯಿಂದ ಫೋನು ಬಂತು.

"ಸಾರ್, ಕಂಗ್ರಾಟ್ಸ್! ಪೂರ್ತಿ ಐದು ಸ್ಟಾರ್!"

"ಯಾರಮ್ಮಾ ಕೊಟ್ಟಿದ್ದು?"

"ನೋಡಿದವರು ಸಾರ್. ನಿಮ್ಮ ಬಾಮೈದ ಕರೆಯನ್ನ ಇಡೀ ಆ್ಯಪ್‌ಗೆ ಲೈವ್ ಬಿಟ್ಟಿದ್ರು. ಜನ ಬಿದ್ದು ಬಿದ್ದು ನಕ್ಕಿದಾರೆ. ನಿಮ್ಮನ್ನ ಸೌಂದರ್ಯ ವಿಭಾಗದಿಂದ ಹಾಸ್ಯ ವಿಭಾಗಕ್ಕೆ ಹಾಕಿದೀವಿ. ನಾಳೆ ಮತ್ತೆ ಶುರು."

"ಇನ್ನು ನನಗೆ ತಲೆ ಕೊಡೋರು ಯಾರಮ್ಮಾ?"

"ಅದಕ್ಕೂ ಜನಾನೇ ವೋಟ್ ಹಾಕಿದಾರೆ. ನಿಮ್ಮ ತಲೆ ಸಾರ್. ಕತ್ತರಿ ನಿಮ್ಮ ಮನೆಯವರ ಕೈಲಿ. ಅವರು ಆಗಲೇ ಒಪ್ಪಿದಾರೆ."

ಸ್ಟೈಲಣ್ಣ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಒಳಗೆ ಓಡಿದ. ಹೆಂಡತಿ ಕನ್ನಡಿಯ ಮುಂದೆ ನಿಂತು ತಂಗಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಳು.

"ಕಟಿಂಗ್ ಮಾಡಕ್ಕೆ ಬರತ್ತಾ ಅಂತೀಯಾ? ಬರಲ್ಲ ಕಣೇ. ಅದಕ್ಕೇ ತಾನೆ ನನ್ನನ್ನ ಆರಿಸಿರೋದು!"