ಐದನೇ ತಿಂಗಳ ಗುಟ್ಟು, ಏಳನೇ ತಿಂಗಳ ಸೂಜಿ

ಬಸುರಿಗೆ ನಡುವಿನ ತಿಂಗಳುಗಳೇ ಆರಾಮ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ವಾಂತಿ ನಿಂತಿರುತ್ತದೆ, ಭಾರ ಇನ್ನೂ ಬಂದಿರುವುದಿಲ್ಲ. ಅದು ಬಸುರಿಯ ಮಾತಾಯಿತು; ನರ್ಸಿನ ಪಾಡು ಯಾರೂ ಹೇಳಲಿಲ್ಲ. ಎಪ್ಪತ್ತರ ದಶಕದಲ್ಲಿ ನೇಸರಗಿಯ ಸುತ್ತಿನ ಹಳ್ಳಿಗಳಲ್ಲಿ ಔಷಧಿ ಪೆಟ್ಟಿಗೆ ಹೊತ್ತು ತಿರುಗಿದವಳು ನಾನು. ನಾನು ಪೇಚಿಗೆ ಸಿಕ್ಕುವ ಪ್ರಸಂಗಗಳು ಮನೆಗೊಂದರಂತೆ ನಡೆಯುತ್ತಲೇ ಇದ್ದವು. ಅನ್ನ ಬೆಂದದ್ದು ನೋಡಲು ಒಂದಗುಳು ಸಾಕು, ಹಾಗಾಗಿ ಒಂದೇ ಮನೆಯದು ಹೇಳುತ್ತೇನೆ.

ಕಳ್ಳ ಕುಬಸ

ಆ ಮನೆಯಲ್ಲಿ ಅತ್ತೆ, ಮಗ, ಸೊಸೆ. ಮಾವ ಎತ್ತುಗಳ ಜೊತೆ ಹೊಲದಲ್ಲೇ ಇರುವ ಮನುಷ್ಯ. ಸೊಸೆಗೆ ಹಿಂದಿನ ವರ್ಷ ಮೂರು ತಿಂಗಳಿಗೇ ಬಸುರು ಇಳಿದುಹೋಗಿತ್ತು. ಮಂದಿಯ ದೃಷ್ಟಿ ತಾಗಿಯೇ ಹಾಗಾಯಿತೆಂದು ಅತ್ತೆಯ ನಂಬಿಕೆ. ಈ ಸಲ ನಾನು ಹೆಸರು ಬರೆದುಕೊಳ್ಳಲು ಹೋದರೆ ಹೊಸ್ತಿಲಲ್ಲೇ ತಡೆದಳು.

"ನಮ್ಮ ಮನ್ಯಾಗ ಯಾರೂ ಬಸರಿಲ್ರಿ ನರ್ಸಬಾಯಿ."

"ಮತ್ತ ಒಳಗ ನಿಂತಾಕಿ?"

"ಆಕೀಗಿ ವಾಯು ಆಗೈತ್ರಿ."

ಐದು ತಿಂಗಳ ವಾಯು! ನಾನು ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಅತ್ತೆ ಓಣಿಯ ತಿರುವಿನವರೆಗೆ ಓಡಿಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು, "ನಾಳೆ ಕಳ್ಳ ಕುಬಸ ಐತ್ರಿ. ನಿಮಗೊಬ್ಬರಿಗೇ ಹೇಳೇನಿ. ಬರ್ರಿ."

ಐದನೇ ತಿಂಗಳಲ್ಲಿ ಮನೆಯವರಷ್ಟೇ ಸೇರಿ ಬಸುರಿಗೆ ಗುಟ್ಟಾಗಿ ಹಸಿರು ಕುಬಸ ತೊಡಿಸುವ ಪದ್ಧತಿ ಅದು. ಹೋಗಿ ನೋಡಿದರೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಓಣಿಯ ಹೆಂಗಸರೆಲ್ಲ ಕುಳಿತಿದ್ದಾರೆ, ಒಬ್ಬೊಬ್ಬಳಿಗೂ ‘ನಿನಗೊಬ್ಬಾಕೀಗೇ’ ಎಂದು ಹೇಳಿದ್ದಳಂತೆ.

"ಇದೇನ್ರೀ ಗುಟ್ಟು?" ಎಂದೆ.

"ಗುಟ್ಟು ಹೊರಗ ಹೋಗಬಾರದಲ್ರಿ, ಅದಕ್ಕ ಎಲ್ಲಾರ್ನೂ ಒಳಗ ಕರದೇನಿ," ಎಂದಳು ಅತ್ತೆ.

ಕಬ್ಬಿಣದ ಗುಳಿಗೆ

ಗುಟ್ಟು ಹೀಗೆ ಬಯಲಾದ ಮೇಲೆ ಹುಡುಗಿಯನ್ನು ಪರೀಕ್ಷಿಸಿದೆ. ಕಣ್ಣ ರೆಪ್ಪೆಯ ಒಳಗೆ ಒಂದಿಷ್ಟೂ ಕೆಂಪಿಲ್ಲ. ಮೈಯಲ್ಲಿ ರಕ್ತವೇ ಇಲ್ಲದ ಹುಡುಗಿ ಹೆರುವುದು ಹೇಗೆಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಕಬ್ಬಿಣದ ಗುಳಿಗೆ ಕೊಟ್ಟು, ದಿನಾ ಒಂದು ಎಂದು ಅತ್ತೆಗೆ ಹತ್ತು ಸಲ ಹೇಳಿ ಬಂದೆ.

ಎರಡು ವಾರದ ಮೇಲೆ ಹೋದರೆ ಹುಡುಗಿ ಅಷ್ಟೇ ಬಿಳಿಚಿಕೊಂಡಿದ್ದಳು.

"ದಿನಾ ಗುಳಿಗಿ ನುಂಗೀಯೇನವಾ?"

ಹುಡುಗಿ ಅತ್ತೆಯ ಮುಖ ನೋಡಿ, "ಹೂನ್ರಿ," ಎಂದಳು.

ಸುಳ್ಳು ಹಿಡಿಯಲು ನಮ್ಮ ಹತ್ತಿರ ಒಂದು ಉಪಾಯವಿದೆ. ಈ ಗುಳಿಗೆ ನುಂಗಿದವರಿಗೆ ಮಲ ಕಪ್ಪಗಾಗುತ್ತದೆ. "ಹೊರಕಡಿಗಿ ಹ್ವಾದಾಗ ಕರ್ರಗ ಆಗತೈತೇನು?" ಎಂದು ಕೇಳಿದೆ.

"ಇಲ್ರಿ," ಎಂದಳು ಹುಡುಗಿ.

ಬಾಗಿಲ ಹಿಂದಿನಿಂದ ಅವಳ ಗಂಡ ಅಳುವ ದನಿಯಲ್ಲಿ ಕೂಗಿದ, "ನನಗ ಆಗಾಕತ್ತೈತ್ರೀ ಬಾಯಾರ! ಹದಿನೈದ ದಿನಾ ಆತು, ನಾ ಇನ್ನ ಉಳಿಯೂದಿಲ್ಲಂತ ಮಾಡೇನಿ!"

ಅತ್ತೆ ಗುಳಿಗೆಯನ್ನೆಲ್ಲ ಮಗನಿಗೆ ನುಂಗಿಸಿದ್ದಳು. ನಾನು ಸಿಟ್ಟಿಗೆದ್ದರೆ ಅವಳಿಗೇ ಆಶ್ಚರ್ಯ. "ಕೂಸಿನ ಅಪ್ಪ ಅವನ ಅಲ್ರಿ? ಬೇರಿಗಿ ನೀರ ಹಾಕಿದ್ರ ಕಾಯಿಗಿ ಮುಟ್ಟೂದಿಲ್ಲೇನು?"

ಬಯಕೆ

ಅಂದಿನಿಂದ ನಾನು ಕಣ್ಣೆದುರಲ್ಲೇ ಗುಳಿಗೆ ನುಂಗಿಸಲು ದಿನವೂ ಹೋಗತೊಡಗಿದೆ. ಹೋದಾಗಲೆಲ್ಲ ಅಲ್ಲಿ ಏನಾದರೊಂದು ಪೊಟ್ಟಣ. ಬಸುರಿ ಬಯಸಿದ್ದು ಕೊಡದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ಮಗ ಪಾಪ ಸೈಕಲ್ ತುಳಿದು ಬೈಲಹೊಂಗಲದಿಂದ ಒಂದು ದಿನ ಮಿರ್ಚಿಭಜಿ, ಇನ್ನೊಂದು ದಿನ ಕರದಂಟು ತರುತ್ತಿದ್ದ.

"ಭಾಳ ಬಯಕಿ ಏನವಾ?" ಎಂದು ಹುಡುಗಿಯನ್ನು ಕೇಳಿದೆ.

"ಇಲ್ರಿ, ನನಗ ಬರೇ ಮಜ್ಜಿಗಿ ಸೇರತೈತಿ."

ಅತ್ತೆಯ ಕಡೆ ತಿರುಗಿದೆ. ಅವಳ ಬಾಯಿ ತುಂಬ ಭಜಿ ಇತ್ತು. ಅವಸರವಿಲ್ಲದೆ ನುಂಗಿ ಹೇಳಿದಳು, "ಆಕಿ ನಾಚತಾಳ್ರಿ. ಕೂಸಿನ ಕಿವಿ ಸೋರಬಾರದಲ್ಲ? ಅದಕ್ಕ ಆಕಿ ಬಯಕಿ ನಾನ ಬಯಸಾಕತ್ತೇನಿ."

ಐದು ಮಂದಿ

ಧನುರ್ವಾಯು ಬಾರದಂತೆ ಬಸುರಿಗೆ ಎರಡು ಇಂಜೆಕ್ಷನ್. ಮೊದಲನೆಯದನ್ನು ಅತ್ತೆ ಊರಲ್ಲಿಲ್ಲದ ದಿನ ಕೊಟ್ಟಿದ್ದೆ. ಎರಡನೆಯದರ ದಿನ ಬಂದದ್ದು ಸರಿಯಾಗಿ ಏಳನೇ ತಿಂಗಳ ದೊಡ್ಡ ಕುಬಸಕ್ಕೆ, ಅಂದರೆ ಎಲ್ಲರನ್ನೂ ಕರೆದು ಮಾಡುವ ಸೀಮಂತಕ್ಕೆ. ಅಂದೇ ಮಧ್ಯಾಹ್ನ ತವರಿನವರು ಅವಳನ್ನು ಹೂಲಿಗೆ ಕರೆದೊಯ್ಯುವವರು. ಹೊಕ್ಕುಳಬಳ್ಳಿಯನ್ನು ಮನೆಯ ಕುಡಗೋಲಿನಲ್ಲೇ ಕೊಯ್ಯುತ್ತಿದ್ದ ಕಾಲ. ಸೂಜಿ ಹಾಕದೆ ಆ ಹುಡುಗಿಯನ್ನು ಬಸ್ಸು ಹತ್ತಿಸಲು ನನಗೆ ಮನಸ್ಸೇ ಒಪ್ಪಲಿಲ್ಲ.

ಅತ್ತೆ ಅಡ್ಡ ನಿಂತಳು. "ಹಸರ ಸೀರಿ ಉಟ್ಟಾಕೀಗಿ ಸೂಜಿ? ಒಲ್ಲೆನ್ರಿ!"

ನಾನು ಕೈಮುಗಿದೆ, ಬೈದೆ, ಕೊನೆಗೆ ಅತ್ತೂಬಿಟ್ಟೆ. ನನ್ನ ಕಣ್ಣೀರಿಗೆ ಅವಳು ಮೆತ್ತಗಾದಳು. "ಒಬ್ಬಾಕೀಗೇ ಚುಚ್ಚಿದ್ರ ಅಪಶಕುನ. ಕುಂಕುಮಾನೂ ಐದು ಮಂದಿ ಮುತ್ತೈದ್ಯಾರಿಗಿ ಹಚ್ಚತೇವಿ, ಉಡೀನೂ ಐದು ಮಂದಿಗಿ ತುಂಬತೇವಿ. ಇದೂ ಹಂಗ ಆಗಲಿ."

ಬಾಟಲಿಯಲ್ಲಿ ಔಷಧಿ ಸಾಕಷ್ಟಿತ್ತು, ಎಲ್ಲರಿಗೂ ಒಳ್ಳೆಯದೇ. ಹೋಳಿಗೆಯ ಒಲೆಯ ಮೇಲೆಯೇ ಸೂಜಿ ಕುದಿಸಿದೆ. ಹುಡುಗಿ ತುಟಿಪಿಟಿಕ್ಕೆನ್ನದೆ ಚುಚ್ಚಿಸಿಕೊಂಡಳು. ನನ್ನ ಎದೆ ಹಗುರಾಯಿತು. ಆಮೇಲೆ ಅತ್ತೆ ಮೊದಲಾಗಿ ನಾಲ್ವರು ತೋಳು ಚಾಚಿ ಸಾಲಾಗಿ ಕುಳಿತರು. ಚುಚ್ಚಿದ ಜಾಗಕ್ಕೆ ಅತ್ತೆ ಅರಿಶಿಣ ಕುಂಕುಮ ಹಚ್ಚುತ್ತ ಬಂದಳು, ಉಳಿದವರು ಹಾಡಿದರು.

"ಆತಲ್ಲ," ಎಂದು ಡಬ್ಬಿ ಮುಚ್ಚಿದೆ.

"ಎಲ್ಲಿ ಆತ್ರಿ? ಬಸರೀನ್ನ ಬಿಟ್ರ ನಾಕ ಮಂದಿ ಆತು. ಐದನೇದಾಕಿ ನೀವ! ನೀವೂ ಮುತ್ತೈದಿ ಅಲ್ರಿ?"

ಇಡೀ ಸೀಮೆಗೆ ಚುಚ್ಚಿದ ನನಗೆ ನನ್ನ ಮೈಗೆ ಸೂಜಿ ಎಂದರೆ ಪ್ರಾಣಭಯ. ಆದರೆ ನಾನು ಓಡಿದರೆ ಅಪಶಕುನ ಹುಡುಗಿಯ ತಲೆಗೆ ಬರುತ್ತಿತ್ತು. ಒಳಕೋಣೆಗೆ ಹೋದೆ. ಎರಡು ಕಡೆ ಇಬ್ಬರು ಭುಜ ಹಿಡಿದುಕೊಂಡರು. ಬಸುರಿಯೇ ಬಂದು ನನ್ನ ತಲೆ ಸವರಿ, "ಅಂಜಬ್ಯಾಡ್ರಿ, ಇರುವಿ ಕಡದಂಗ ಅಷ್ಟ," ಎಂದಳು. ಕಣ್ಣುಮುಚ್ಚಿ ನನ್ನ ತೊಡೆಗೆ ನಾನೇ ಚುಚ್ಚಿಕೊಂಡು, ಹಾಡನ್ನೂ ಮೀರಿಸಿ ಕಿರುಚಿದೆ.

ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಗಂಡಸರೆಲ್ಲ ಎದ್ದು ನಿಂತರಂತೆ. ಹುಡುಗಿಯ ಗಂಡ ಬಾಗಿಲು ಬಡಿಯುತ್ತ ಕೂಗಿದ:

"ಅವ್ವಾ! ಇಷ್ಟ ಲಗೂ ಆತೇನ? ಗಂಡೋ ಹೆಣ್ಣೋ?"