ದವಡೆಯ ಅಲೈನ್‌ಮೆಂಟ್

"ಇಪ್ಪತ್ತೆಂಟು ವರ್ಷ ಬಸ್ಸುಗಳ ಚಕ್ರ ನೆಟ್ಟಗೆ ಮಾಡಿಸಿದವನು ನಾನು! ಅಂಗೈಯಗಲದ ಒಂದು ದವಡೆ ನೆಟ್ಟಗೆ ಮಾಡ್ಕೊಳ್ಳೋಕಾಗಲ್ವಾ?" ಎಂದು ಅಬ್ಬರಿಸಿ ಹಾರ್ನ್ ಸಾಹೇಬರು ದಂತವೈದ್ಯೆ ಕೊಟ್ಟ ಚೀಟಿಯನ್ನು ಮುದುರಿ ಮೂಲೆಗೆಸೆದರು.

ಬಸ್ ಡಿಪೋದ ಮೇಲ್ವಿಚಾರಕರಾದ ಅವರಿಗೆ ಆ ಹೆಸರಿಟ್ಟವರು ಡ್ರೈವರುಗಳು. ಒಂದನೇ ಗೇಟಿನಲ್ಲಿ ಬೈದರೆ ಮೂರನೇ ಗೇಟಿನಲ್ಲಿದ್ದವನು ಕ್ಷಮೆ ಕೇಳಬೇಕು, ಅಂಥ ಕಂಠ! ಬೈಯದೇ ಇರುವ ಅಪರೂಪದ ಗಳಿಗೆಗಳಲ್ಲಿ ಹಲ್ಲು ಕಡಿಯುತ್ತಿದ್ದರು. ಕಡಿದೂ ಕಡಿದೂ ಕೆಳದವಡೆ ಎಡಕ್ಕೆ ವಾಲಿತ್ತು. ಬಾಯಿ ತೆರೆದಾಗಲೆಲ್ಲ ಕಿವಿಯ ಬುಡದಲ್ಲಿ 'ಕಟಕ್'!

ವೈದ್ಯೆ ಸಮಾಧಾನವಾಗಿಯೇ ವಿವರಿಸಿದ್ದರು. ಮೊದಲು ಮೆತ್ತನೆಯ ಊಟ, ದವಡೆಗೆ ವ್ಯಾಯಾಮ. ಮಲಗುವಾಗ ಹಲ್ಲಿಗೊಂದು ಪ್ಲಾಸ್ಟಿಕ್ ಕವಚ. ಬೇಕಾದರೆ ತಂತಿ. ಯಾವುದಕ್ಕೂ ಬಗ್ಗದಿದ್ದರೆ ಕಟ್ಟಕಡೆಗೆ ಮೂಳೆ ಕೊಯ್ದು ಕೂರಿಸುವ ಆಪರೇಷನ್. ಸಾಹೇಬರ ಕಿವಿಗೆ ಬಿದ್ದದ್ದು ಕೊನೆಯದೊಂದೇ.

"ಕೊಯ್ತಾರಂತೆ! ನಾನೇನು ಮರದ ದಿಮ್ಮೀನಾ?"

"ಕೊಯ್ಯೋದು ಕೊನೇಲಿ ಅಂದ್ರಲ್ರೀ. ಮೊದಲು ಕೋಪ ಕಮ್ಮಿ ಮಾಡ್ಕೊಳ್ಳಿ ಅಂದ್ರು," ಎಂದಳು ಹೆಂಡತಿ.

"ನನಗೆಲ್ಲಿದೆ ಕೋಪ?" ಎಂದು ಮೇಜು ಗುದ್ದಿದ ರಭಸಕ್ಕೆ ಲೋಟ ನೆಲ ಕಂಡಿತು.

ಸಾಹೇಬರು ಬಚ್ಚಲಿನ ಕನ್ನಡಿಯೆದುರು ನಿಂತರು. ಎರಡೂ ಕೈಯಲ್ಲಿ ಗದ್ದ ಹಿಡಿದು ಬಲಕ್ಕೆ ತಳ್ಳಿದರು. ಕಟಕ್! ಇನ್ನೂ ಜೋರಾಗಿ ತಳ್ಳಿದರು. ಕಟಕಟಕ್! ಅಷ್ಟರಲ್ಲಿ ಬಾಗಿಲಾಚೆ ಮಗಳ ದನಿ.

"ಅಪ್ಪಾ, ನಿಮ್ಮ ಡಿಪೋ ಮೆಕ್ಯಾನಿಕ್ ಬಂದಿದಾರೆ. ನಿಮ್ಮ ಹತ್ರ ಮಾತಾಡ್ಬೇಕಂತೆ."

"ನೆಟ್ಟಗೆ ಸ್ಪ್ಯಾನರ್ ಹಿಡಿಯೋಕೆ ಬಾರದವನಿಗೆ ನನ್ನ ಮನೇಲೇನು ಕೆಲಸ? ಆಚೆಗೆ ಹಾ..."

'ಹಾಕು' ಎನ್ನುವುದು ಪೂರ್ತಿಯಾಗಲಿಲ್ಲ. ತೆರೆದ ಬಾಯಿ ತೆರೆದಂತೆಯೇ ನಿಂತಿತು! ಮುಚ್ಚಲು ನೋಡಿದರೆ ಕಣ್ಣಲ್ಲಿ ನೀರು.

ಆಸ್ಪತ್ರೆಗೆ ಒಯ್ಯಲು ಸಿಕ್ಕಿದ್ದು ಅದೇ ಮೆಕ್ಯಾನಿಕ್ಕಿನ ಕಾರು. ಅವನು ಸಾಹೇಬರ ಕಡೆ ತಿರುಗಿಯೂ ನೋಡದೆ ಓಡಿಸಿದ. ಪಕ್ಕದಲ್ಲಿ ಗುಹೆಯಂಥ ಬಾಯಿ ತೆರೆದುಕೊಂಡ ಸಾಹೇಬರು. ಹಿಂದೆ ತಾಯಿ, ಮಗಳು.

"ಅಪ್ಪಾ, ಮೂರು ತಿಂಗಳಿಂದ ಹೇಳ್ಬೇಕು ಅಂತಿದ್ದೆ, ನೀವು ಮಾತಾಡೋಕೆ ಬಿಟ್ರೆ ತಾನೆ! ಇವತ್ತು ಹೇಳೇಬಿಡ್ತೀನಿ. ನಾವಿಬ್ರೂ ಮದುವೆ ಆಗ್ಬೇಕು ಅಂತಿದೀವಿ. ಇವರು ಬಂದಿದ್ದೂ ಅದನ್ನ ಕೇಳೋಕೇ."

ಸಾಹೇಬರ ರಕ್ತ ಕುದಿಯಿತು. 'ಆಗಲ್ಲ!' ಎಂದು ಸಿಡಿಲಿನಂತೆ ಎರಗಲು ಹೊರಟರು. ನಾಲಿಗೆ ಮೇಲಕ್ಕೆ ತಾಕದೆ 'ಲ್ಲ' ಹೊರಡುವುದೆಂತು?

"ಆಗ... ಆಗ... ಆಗ!"

"'ಆಗಲಿ' ಅಂತಿದಾರೆ ಕಣೇ!" ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಂದಲ್ಲ, ಮೂರು ಸಲ!"

"ಆಗ! ಆಗ!" ಸಾಹೇಬರು ಡ್ಯಾಶ್‌ಬೋರ್ಡ್ ಗುದ್ದಿದರು.

"ಸಾಕು ಬಿಡ್ರೀ, ಖುಷಿಗೂ ಒಂದು ಮಿತಿ ಬೇಡ್ವಾ?"

ಆಸ್ಪತ್ರೆ ತಲುಪುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಅತ್ತೆಗೆ, ಚಿಕ್ಕಪ್ಪನಿಗೆ, ಇಡೀ ಡಿಪೋಗೆ ಮುಟ್ಟಿಯಾಗಿತ್ತು.

ಅದೇ ದಂತವೈದ್ಯೆ ಬಾಯೊಳಗೆ ಎರಡೂ ಹೆಬ್ಬೆರಳಿಟ್ಟು ಕೆಳಕ್ಕೊತ್ತಿ ಹಿಂದಕ್ಕೆ ತಳ್ಳಿದರು. ದವಡೆ ಕೂತಿತು. ಸಾಹೇಬರು ಎದೆ ತುಂಬ ಉಸಿರೆಳೆದುಕೊಂಡರು.

"ಕೂಗ್ಬೇಡಿ! ಒಂದು ಸಲ ಕೂಗಿದ್ರೂ ಮತ್ತೆ ಕಳಚುತ್ತೆ. ಆಮೇಲೆ ಆ ಆಪರೇಷನ್ ಮಾತು ಮತ್ತೆ ಎತ್ತಬೇಕಾಗುತ್ತೆ."

ಸಾಹೇಬರು ಕಟಕಟನೆ ಹಲ್ಲು ಕಡಿದರು.

"ಅದೂ ಕೂಡದು!"

"ಮತ್ತೆ ಕೋಪ ಬಂದ್ರೆ ಏನ್ ಮಾಡ್ಲಿ?" ಪಿಸುದನಿಯಲ್ಲಿ ಕೇಳಿದರು.

"ಹಲ್ಲು ಬಿಡಿ. ಮೇಲಿನ ಸಾಲು ಕೆಳಗಿನ ಸಾಲಿಗೆ ತಾಕದ ಹಾಗೆ. ಸದ್ಯಕ್ಕೆ ಅದೇ ಚಿಕಿತ್ಸೆ."

ಬಾಗಿಲ ಸಂದಿನಿಂದ ಮೆಕ್ಯಾನಿಕ್ಕಿನ ತಲೆ ಇಣುಕಿತು.

"ಸಾರ್... ಇನ್ಮೇಲೆ ಮಾವ ಅನ್ಬಹುದಾ?"

ಸಾಹೇಬರ ಕಿವಿ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಹೆಂಡತಿಯನ್ನು ನೋಡಿದರು, ಮಗಳನ್ನು ನೋಡಿದರು, ವೈದ್ಯೆಯ ಆ ಎರಡು ಹೆಬ್ಬೆರಳು ನೋಡಿದರು.

ಹಲ್ಲು ಬಿಟ್ಟರು!